ಮಾತಿಗೆ ಜಾಗ ಬಿಟ್ಟು ಬರಿ

ಶಿವಮೊಗ್ಗ
ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿ,

ನಿನ್ನ ಪತ್ರ ತಲುಪಿತು. ಉದ್ದಕ್ಕೂ ‘ಮೇಡಂ’ ಎಂದು ಬರೆದಿದ್ದೀಯ. ಅಕ್ಕ ಅಂದರೆ ಸಾಕು. ಆಂಟಿ ಅಂದಿದ್ದರೆ ಮಾತ್ರ ಉತ್ತರ ಬರೆಯುತ್ತಿರಲಿಲ್ಲ.

ಕೇಳಿದ್ದು ಮೂರು ಪ್ರಶ್ನೆ. ಚಿತ್ರ ಬರೆಯಲು ಯಾವ ಟ್ಯಾಬ್ಲೆಟ್ ಕೊಳ್ಳಲಿ? ಚೌಕ ಚೌಕವಾಗಿ ಸಾಗುವ ಪುಟ್ಟ ಚಿತ್ರಕಥೆ, ದಿನಕ್ಕೊಂದು ಕಾಮಿಕ್ ಸ್ಟ್ರಿಪ್, ಇಂಟರ್ನೆಟ್ಟಿಗೆ ಹಾಕುತ್ತೇನೆ ಎಂದು ಶುರುಮಾಡಿ ನಲವತ್ತನೆಯ ದಿನಕ್ಕೆ ಕೈ ನಿಂತುಹೋಯಿತು, ಏನು ಮಾಡಲಿ? ಕೆಲಸ ಬಿಟ್ಟು ಇದನ್ನೇ ಹಿಡಿಯಲೇ? ಮೊದಲನೆಯದಕ್ಕೆ ಉತ್ತರ ಸುಲಭ: ಈಗ ಇರುವುದರಲ್ಲೇ ಇನ್ನೊಂದು ವರ್ಷ ಬರಿ. ಉಳಿದ ಎರಡಕ್ಕೆ ಬರುತ್ತೇನೆ, ಆದರೆ ನೀನು ಕೇಳದೇ ಇರುವ ಒಂದು ವಿಷಯ ನನ್ನ ತಲೆಯಲ್ಲಿ ಮೂರು ದಿನದಿಂದ ಕೊರೆಯುತ್ತಿದೆ. ಮೊದಲು ಅದು.

ನಿನ್ನ ಪಿ.ಜಿ. ವಾಸದ ಕಥೆಗಳನ್ನು, ನಲವತ್ತನ್ನೂ, ಎರಡು ಸಲ ಓದಿದೆ. ಚಿತ್ರದ ಬಗ್ಗೆ ನನ್ನ ತಕರಾರಿಲ್ಲ. ಬಾತ್‌ರೂಮಿನ ಮುಂದೆ ಬಕೆಟ್ಟುಗಳೇ ಕ್ಯೂ ನಿಂತದ್ದು, ಒಂದೇ ಸ್ವಿಚ್‌ಬೋರ್ಡಿಗೆ ಜೋತುಬಿದ್ದ ಐದು ಚಾರ್ಜರ್, ಕಿಟಕಿಯ ಸರಳಿಗೆ ಒಣಹಾಕಿದ ಕರ್ಚೀಫು, ಇವೆಲ್ಲ ಕಣ್ಣಿಟ್ಟು ನೋಡಿದವರ ಕೆಲಸ. ಆದರೆ ಓದುವಾಗ ಪ್ರತಿ ಚೌಕದಲ್ಲೂ ಎಡವುತ್ತಿದ್ದೆ. ಯಾಕೆ ಎಂದು ಎರಡನೆಯ ಓದಿನಲ್ಲಿ ಗೊತ್ತಾಯಿತು. ನೀನು ಚಿತ್ರ ಪೂರ್ತಿ ಮುಗಿಸಿ, ಆಮೇಲೆ ಎಲ್ಲಿ ಜಾಗ ಉಳಿಯಿತೋ ಅಲ್ಲಿ ಮಾತು ತುರುಕುತ್ತೀಯ. ಸಿಟಿ ಬಸ್ಸಿಗೆ ಕೊನೆಯಲ್ಲಿ ಹತ್ತಿದವರ ಹಾಗೆ ನಿನ್ನ ಅಕ್ಷರಗಳು ಫುಟ್‌ಬೋರ್ಡಿನಲ್ಲಿ ನೇತಾಡುತ್ತಿವೆ.

ಇದು ನಿನ್ನೊಬ್ಬಳ ತಪ್ಪಲ್ಲ. ನಾವೆಲ್ಲ ಕಾಮಿಕ್ಸ್ ಕಲಿತದ್ದು ಇಂಗ್ಲಿಷ್ ಪುಟಗಳನ್ನು ನೋಡಿ. ಅಲ್ಲಿ ಮಾತು ಬರೆಯುವ ಬಲೂನಿನೊಳಗೆ ಹೆಚ್ಚಾಗಿ ಎಲ್ಲವೂ ದೊಡ್ಡಕ್ಷರ. ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಒಂದೇ ಎತ್ತರ, ಕೆಳಗೆ ಏನೂ ಇಳಿಯುವುದಿಲ್ಲ, ಮೇಲೆ ಏನೂ ಏಳುವುದಿಲ್ಲ. ಸಾಲಿನ ಮೇಲೆ ಸಾಲು ಒತ್ತಿ ಕೂರಿಸಿದರೂ ಜಗಳವಾಡುವುದಿಲ್ಲ. ನಮ್ಮ ಅಕ್ಷರ ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು, ಪಕ್ಕಕ್ಕೆ ದೀರ್ಘದ ಬಾಲ. ‘ರಾಷ್ಟ್ರ’ ಎಂದು ಬರೆದು ನೋಡು, ಎರಡು ಮಹಡಿ ನೆಲದ ಕೆಳಗೇ ಇದೆ. ಅದರ ಕೆಳಗಿನ ಸಾಲಿನಲ್ಲಿ ಒಂದು ‘ಕೀ’ ಬಂದರೆ ಮೇಲಿನವರ ಕಾಲು ಕೆಳಗಿನವರ ತಲೆಗೆ ತಾಗುತ್ತದೆ. ಆದ್ದರಿಂದ ನಾನು ಅಕ್ಷರದ ಎತ್ತರದಷ್ಟೇ ಜಾಗವನ್ನು ಎರಡು ಸಾಲುಗಳ ನಡುವೆಯೂ ಬಿಡುತ್ತೇನೆ. ನೋಡಲು ಸಡಿಲ ಅನ್ನಿಸುತ್ತದೆ. ಫೋನಿನಲ್ಲಿ ಓದುವಾಗ ಅದೇ ಸರಿಯಾಗುತ್ತದೆ.

ಇನ್ನೊಂದು ತೊಂದರೆ ಉದ್ದದ್ದು. ನಿನ್ನ ಹದಿನೇಳನೆಯ ಸ್ಟ್ರಿಪ್ಪಿನಲ್ಲಿ ಗದಗಿನ ಹುಡುಗಿ ರೂಮ್‌ಮೇಟ್‌ಗೆ ಹೇಳುತ್ತಾಳೆ: ‘ನೀನು ಯಾಕೆ ನನ್ನನ್ನು ಅರ್ಥಮಾಡಿಕೊಳ್ಳುತ್ತಿಲ್ಲ?’ ಆ ಕೊನೆಯ ಪದವನ್ನೇ ನೋಡು. ಎಂಟು ಅಕ್ಷರ. ಮೂರಕ್ಕೆ ಕೆಳಗೆ ಒತ್ತು, ಒಂದಕ್ಕೆ ಅರ್ಕಾವೊತ್ತು. ಒಡೆಯಲು ಬರುವುದಿಲ್ಲ, ಒಡೆದರೆ ಓದಲು ಬರುವುದಿಲ್ಲ. ಅದೊಂದೇ ಪದಕ್ಕೆ ಬಲೂನು ಅರ್ಧ ಚೌಕ ನುಂಗಿದೆ, ಪಾಪ ಆ ಹುಡುಗಿಯ ಮುಖ ಮೂಲೆಗೆ ಸರಿದಿದೆ. ಈಗ ನನ್ನನ್ನು ಕೇಳು: ಗದಗಿನ ಯಾವ ಹುಡುಗಿ ಸಿಟ್ಟು ಬಂದಾಗ ಹಾಗೆ ಮಾತಾಡುತ್ತಾಳೆ? ‘ನಿನಗ್ ಯಾಕ್ ತಿಳೀವಲ್ದು?’ ಅನ್ನುತ್ತಾಳೆ. ಮೂರು ಪದ, ಎರಡು ಸಾಲು, ಮುಖಕ್ಕೆ ಜಾಗ ಉಳಿಯಿತು, ಸಿಟ್ಟೂ ಉಳಿಯಿತು. ನೀನು ಬರೆದದ್ದು ಡಬ್ಬಿಂಗ್ ಕನ್ನಡ. ಬಾಯಿಂದ ಬರುವ ಕನ್ನಡ ಬಲೂನಿನೊಳಗೆ ತಾನಾಗಿ ಹಿಡಿಸುತ್ತದೆ. ಮೂವತ್ತು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಗುಟ್ಟು ಇಷ್ಟೇ, ಅದನ್ನು ಪುಕ್ಕಟೆ ಕೊಟ್ಟುಬಿಟ್ಟೆ.

ನೀನು, ನೀವು ಎಂಬುದನ್ನೂ ವ್ಯರ್ಥ ಮಾಡುತ್ತಿದ್ದೀಯ. ನಿನ್ನ ವಾರ್ಡನ್ ಒಂದು ಸ್ಟ್ರಿಪ್ಪಿನಲ್ಲಿ ‘ನೀವು’ ಅನ್ನುತ್ತಾಳೆ, ಮುಂದಿನದರಲ್ಲಿ ಕಾರಣವಿಲ್ಲದೆ ‘ನೀನು’. ನಮ್ಮಲ್ಲಿ ಒಬ್ಬರು ಇನ್ನೊಬ್ಬರನ್ನು ನೀವು ಅನ್ನುತ್ತಿದ್ದವರು ನೀನು ಅನ್ನಲು ಶುರುಮಾಡಿದ ದಿನವೇ ಒಂದು ಕಥೆ. ಬಾಡಿಗೆ ಬಾಕಿಯಾದ ತಿಂಗಳು ಅವಳು ‘ನೀವು’ಗೆ ವಾಪಸು ಹೋದರೆ ಅದು ಇನ್ನೊಂದು ಕಥೆ. ಬಣ್ಣ ಬೇಡ, ಹಿನ್ನೆಲೆ ಬೇಡ, ಒಂದು ಅಕ್ಷರ ಬದಲಾದರೆ ಓದುಗರು ನಗುತ್ತಾರೆ, ಇಲ್ಲವೇ ಅಯ್ಯೋ ಅನ್ನುತ್ತಾರೆ.

ಸದ್ದಿನ ವಿಷಯಕ್ಕೂ ಅದೇ ಮಾತು. ಬಾಗಿಲು ಬಡಿದರೆ ‘ಬ್ಯಾಂಗ್’, ಮಳೆ ಬಂದರೆ ‘ಸ್ಪ್ಲ್ಯಾಶ್’. ಯಾರಪ್ಪನ ಮನೆಯ ಮಳೆ ಅದು? ದಬದಬ, ಧಡಾರ್, ಗಿರಗಿರ, ಚಟಪಟ, ಧೋ ಎಂದು ನಮ್ಮಲ್ಲಿ ಅನುಕರಣ ಶಬ್ದಗಳು ಮೂಟೆಗಟ್ಟಲೆ ಬಿದ್ದಿವೆ. ಕಾವಲಿಗೆ ದೋಸೆ ಹಿಟ್ಟು ಬಿದ್ದ ಸದ್ದನ್ನು ಅಡುಗೆಮನೆಯಲ್ಲಿ ನಿಂತು ಕೇಳಿ ಬರಿ. ನಾನು ‘ಚುಂಯ್’ ಎಂದು ಬರೆಯುತ್ತೇನೆ. ಮಂಗಳೂರಿನ ಓದುಗರೊಬ್ಬರು ಅದು ‘ಚೊಂಯ್’ ಎಂದು ಎರಡು ವರ್ಷದಿಂದ ಜಗಳ ತೆಗೆಯುತ್ತಿದ್ದಾರೆ. ನಡೆಯಲಿ.

ಅಕ್ಷರ ಕೂರಿಸುವ ತಾಂತ್ರಿಕ ಕಿರಿಕಿರಿಯನ್ನೂ ಹೇಳಿಬಿಡುತ್ತೇನೆ. ಚಿತ್ರ ಬರೆಯುವ ಕೆಲವು ತಂತ್ರಾಂಶಗಳಿಗೆ ಒತ್ತಕ್ಷರ ಅರ್ಥವೇ ಆಗುವುದಿಲ್ಲ. ‘ಅಮ್ಮ’ ಎಂದು ಹಾಕಿದರೆ ಒತ್ತು ಕೆಳಗಿಳಿಯದೆ ಅರ್ಧ ಮ್, ಪೂರ್ತಿ ಮ ಅಕ್ಕಪಕ್ಕ ಕೂರುತ್ತವೆ. ಫೋಟೋಶಾಪಿನಲ್ಲಾದರೆ ದಕ್ಷಿಣ ಏಷ್ಯಾ ಭಾಷೆಗಳ ಸೆಟ್ಟಿಂಗ್ ಆನ್ ಮಾಡಬೇಕು. ಇಂಕ್‌ಸ್ಕೇಪ್ ಎಂಬ ತಂತ್ರಾಂಶ ಕನ್ನಡವನ್ನು ಸರಿಯಾಗಿ ಕೂರಿಸುತ್ತದೆ, ದುಡ್ಡೂ ಕೊಡಬೇಕಾಗಿಲ್ಲ. ಫ್ರಾನ್ಸಿನ ಡೇವಿಡ್ ರೆವಾ ಎಂಬ ಕಲಾವಿದ 2014ರಿಂದ ‘ಪೆಪ್ಪರ್ ಅಂಡ್ ಕ್ಯಾರೆಟ್’ ಎಂಬ ವೆಬ್‌ಕಾಮಿಕ್ ಮಾಡುತ್ತಿದ್ದಾರೆ. ಚಿತ್ರ ಕ್ರಿಟಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ, ಬಲೂನು ಮತ್ತು ಮಾತು ಬೇರೆಯಾಗಿ ಇಂಕ್‌ಸ್ಕೇಪ್ ಕಡತದಲ್ಲಿ. ಹಾಗಾಗಿ ಚಿತ್ರ ಮುಟ್ಟದೆ ಯಾರು ಬೇಕಾದರೂ ತಮ್ಮ ಭಾಷೆಯ ಮಾತು ಕೂರಿಸಬಹುದು. ಹತ್ತಾರು ಭಾಷೆಗಳಿಗೆ ಸ್ವಯಂಸೇವಕರು ಹಾಗೇ ಮಾಡಿದ್ದಾರೆ. ಮೂಲ ಕಡತಗಳನ್ನೆಲ್ಲ ಅವರು ತೆರೆದಿಟ್ಟಿದ್ದಾರೆ. ಒಂದು ಅಧ್ಯಾಯ ಇಳಿಸಿಕೊಂಡು ಪದರ ಪದರವಾಗಿ ಬಿಚ್ಚಿ ನೋಡು, ಎಷ್ಟೋ ಕಾರ್ಯಾಗಾರಗಳಿಗಿಂತ ಹೆಚ್ಚು ಕಲಿಯುತ್ತೀಯ.

ಫಾಂಟಿಗೆ ‘ಬಾಲೂ ತಮ್ಮ’ ಚೆನ್ನಾಗಿದೆ, ದಪ್ಪಗೆ, ದುಂಡಗೆ, ಉಚಿತ. ಆದರೆ ನನ್ನನ್ನು ಕೇಳಿದರೆ ಕೈಯಲ್ಲೇ ಬರಿ. ನಿನ್ನ ಕೈಬರಹ ಪತ್ರದ ಲಕೋಟೆಯ ಮೇಲೆ ನೋಡಿದೆ, ಸ್ವಲ್ಪ ಎಡಕ್ಕೆ ವಾಲುತ್ತದೆ, ಅದಕ್ಕೊಂದು ಲಯ ಇದೆ. ಕನ್ನಡದಲ್ಲಿ ಪತ್ರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ನಮ್ಮ ಸಾಗರದ ಕಡೆ ದೀವರ ಹೆಂಗಸರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ, ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ. ಅದಕ್ಕೂ ಬರೆಯುವುದು ಅಂತಲೇ ಮಾತು. ಒಂದೇ ಕೈ ಎರಡನ್ನೂ ಮಾಡಿದಾಗ ಚೌಕದೊಳಗೆ ಒಂದು ಹೊಂದಾಣಿಕೆ ಬರುತ್ತದೆ, ಅದು ಫಾಂಟಿನಿಂದ ಬರುವುದಿಲ್ಲ. ಒಂದು ಎಚ್ಚರ: ಕೈಬರಹ ಹುಡುಕಿದರೆ ಸುಲಭವಾಗಿ ಸಿಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳುತ್ತದೆ ಎಂದು ನೆಚ್ಚುವಂತಿಲ್ಲ. ಸ್ಟ್ರಿಪ್ ಹಾಕುವಾಗ ಮಾತುಗಳನ್ನು ವಿವರಣೆಯಲ್ಲಿ ಟೈಪ್ ಮಾಡಿ ಹಾಕು. ಐದು ನಿಮಿಷದ ಕೆಲಸ.

ಹಾಗಾದರೆ ಶುರು ಎಲ್ಲಿಂದ ಎಂದು ಕೇಳುತ್ತೀಯ. ನನ್ನ ಕ್ಯಾಂಟೀನ್ ಸ್ಟ್ರಿಪ್ ಗುರುವಾರ ಬೆಳಿಗ್ಗೆ ಬರುತ್ತದೆಂದು ನಿನಗೆ ಗೊತ್ತು. ಅದು ಶುರುವಾಗುವುದು ಬಸ್‌ಸ್ಟ್ಯಾಂಡಿನಲ್ಲಿ, ಕಾಫಿ ಕುಡಿಯುತ್ತಾ ಪಕ್ಕದ ಮೇಜಿನ ಮಾತು ಕದಿಯುವುದರಿಂದ. ಜೇಬಿನ ಪುಸ್ತಕದಲ್ಲಿ ಮಾತು ಮಾತ್ರ ಬರೆದುಕೊಳ್ಳುತ್ತೇನೆ, ಮುಖ ಬರೆಯುವುದಿಲ್ಲ. ಮನೆಗೆ ಬಂದು ಒಂದು ಹಾಳೆಯನ್ನು ನಾಲ್ಕಾಗಿ ಮಡಚಿ, ಬರೀ ಬಲೂನುಗಳನ್ನು ಬರೆಯುತ್ತೇನೆ. ಮನುಷ್ಯರಿಲ್ಲ, ಮೇಜಿಲ್ಲ, ಖಾಲಿ ಚೌಕದಲ್ಲಿ ಮೋಡದ ಹಾಗೆ ಮಾತು. ಅದನ್ನು ಜೋರಾಗಿ ಓದುತ್ತೇನೆ. ಮನೆಯವರು ಇದಕ್ಕೆ ಒಗ್ಗಿಕೊಂಡಿದ್ದಾರೆ, ಹಾಲು ತರುವ ಹುಡುಗ ಇನ್ನೂ ಒಗ್ಗಿಲ್ಲ. ಮಾತು ಕಿವಿಗೆ ಸರಿಹೋದ ಮೇಲೆ ಉಳಿದ ಜಾಗದಲ್ಲಿ ಯಾರು ಎಲ್ಲಿ ಕೂರಬೇಕು ಎಂದು ನೋಡುತ್ತೇನೆ. ಮೊದಲು ಮಾತಾಡುವವರು ಎಡಕ್ಕೆ, ಉತ್ತರ ಕೊಡುವವರು ಬಲಕ್ಕೆ. ನೀನು ಹಲವು ಕಡೆ ಇದನ್ನು ತಿರುಗುಮುರುಗು ಮಾಡಿ, ಬಲೂನಿನ ಬಾಲಗಳು ಜಡೆಯ ಹಾಗೆ ಹೆಣೆದುಕೊಂಡಿವೆ. ಪೆನ್ಸಿಲ್ ಚಿತ್ರವನ್ನು ಫೋನಿಗೆ ಹಾಕಿ, ತೋಳು ಚಾಚಿ, ಪರದೆಯ ಬೆಳಕು ಇಳಿಸಿ ನೋಡುತ್ತೇನೆ. ಹಾಗೆ ನೋಡಿದಾಗ ಓದಲಾಗದ್ದು ಯಾರಿಗೂ ಓದಲಾಗುವುದಿಲ್ಲ. ಆಮೇಲೆ ಇಂಕ್. ಅದು ನನಗೆ ಹೂ ಕಟ್ಟಿದ ಹಾಗೆ, ರೇಡಿಯೊ ಹಾಕಿಕೊಂಡು ಮಾಡುವ ಕೆಲಸ.

ಈಗ ನಲವತ್ತನೆಯ ದಿನದ ವಿಷಯ.

ಅಮೆರಿಕದ ಚಾರ್ಲ್ಸ್ ಶುಲ್ಟ್ಸ್ 1950ರಿಂದ 2000ದವರೆಗೆ ‘ಪೀನಟ್ಸ್’ ಎಂಬ ಪತ್ರಿಕಾ ಸ್ಟ್ರಿಪ್ ಬರೆದರು. 17,897 ಸ್ಟ್ರಿಪ್, ಸಹಾಯಕರಿಲ್ಲದೆ. 75 ತುಂಬಿದಾಗ ಒಮ್ಮೆ ಐದು ವಾರ ಬಿಡುವು ತೆಗೆದುಕೊಂಡರು. ಅವರ ಕೊನೆಯ ಭಾನುವಾರದ ಸ್ಟ್ರಿಪ್ ಪತ್ರಿಕೆಗಳಲ್ಲಿ ಬಂದದ್ದು ಅವರು ತೀರಿಕೊಂಡ ಮರುದಿನ. ಈ ಕಥೆಯನ್ನು ಎಲ್ಲರೂ ಸ್ಫೂರ್ತಿ ಎಂದು ಹೇಳುತ್ತಾರೆ. ನಿನಗೆ ನಾನು ಹಾಗೆ ಹೇಳುವುದಿಲ್ಲ. ಅವರಿಗೆ ಅದೇ ಉದ್ಯೋಗ. ನೀನು ರಾತ್ರಿ ಪಾಳಿ ಮುಗಿಸಿ, ಬೆಳಿಗ್ಗೆ ಬಕೆಟ್ ಕ್ಯೂ ಮುಗಿಸಿ ಬರೆಯುವವಳು. ಇನ್ನೊಂದು ಕಡೆ ನೋಡು: ರ‍್ಯಾಂಡಲ್ ಮನ್ರೋ 2005ರಲ್ಲಿ ಶುರುಮಾಡಿದ ‘ಎಕ್ಸ್‌ಕೆಸಿಡಿ’ ಎಂಬ ವೆಬ್‌ಕಾಮಿಕ್ ವಾರಕ್ಕೆ ಮೂರು ಬರುತ್ತದೆ, ಸೋಮ, ಬುಧ, ಶುಕ್ರ. ಮನುಷ್ಯರು ಕಡ್ಡಿಗೊಂಬೆಗಳು. ಮುಖವೇ ಇಲ್ಲ. ವಿಚಾರಕ್ಕೆ ಅಷ್ಟು ಸಾಕು. ಅಂದರೆ ನೀನು ಶೈಲಿ ಆರಿಸಿಕೊಂಡಾಗಲೇ ವೇಳಾಪಟ್ಟಿಯನ್ನೂ ಆರಿಸಿಕೊಂಡಿರುತ್ತೀಯ. ಪ್ರತಿ ಇಟ್ಟಿಗೆ, ಪ್ರತಿ ಬಕೆಟ್ಟು, ಆರು ಬಣ್ಣ ಹಾಕುವ ನಿನ್ನ ಕೈಗೆ ದಿನಕ್ಕೊಂದು ಎಂಬುದು ಮೊದಲ ದಿನದಿಂದಲೇ ಸುಳ್ಳು ಲೆಕ್ಕ. ನಲವತ್ತು ದಿನ ಎಳೆದದ್ದೇ ನನಗೆ ಆಶ್ಚರ್ಯ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಮ್ಮ ಕಸುಬಿನಲ್ಲಿ ಹಾಸಿಗೆಗಿಂತ ಒಂದು ಗೇಣು ಕಡಿಮೆಯೇ ಚಾಚಬೇಕು. ನಿನ್ನ ಅತಿ ಕೆಟ್ಟ ವಾರವನ್ನು ನೆನಪಿಸಿಕೋ: ಜ್ವರ, ಆಫೀಸಿನಲ್ಲಿ ಆಡಿಟ್, ಊರಿಂದ ಅಮ್ಮ ಬಂದಿದ್ದಾರೆ, ಕರೆಂಟೂ ಇಲ್ಲ. ಆ ವಾರದಲ್ಲಿ ಎಷ್ಟು ಬರೆಯಬಲ್ಲೆ? ಅಷ್ಟನ್ನೇ ಓದುಗರಿಗೆ ಮಾತು ಕೊಡು. ಹೆಚ್ಚಾದದ್ದನ್ನು ಪೆಟ್ಟಿಗೆಯಲ್ಲಿಡು. ನನ್ನ ಪೆಟ್ಟಿಗೆಯಲ್ಲಿ ಯಾವಾಗಲೂ ಆರು ಸ್ಟ್ರಿಪ್ ಇರುತ್ತವೆ, ಉಪ್ಪಿನಕಾಯಿ ಭರಣಿಯ ಹಾಗೆ. ಈ ಬುದ್ಧಿ ಬಂದದ್ದು ಒಳ್ಳೆಯತನದಿಂದಲ್ಲ. ಏಳು ವರ್ಷದ ಹಿಂದೆ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯಿತು. ಮುಲಾಮು ಹಚ್ಚಿಕೊಂಡು ಬರೆದೆ. ಪಟ್ಟಿ ಕಟ್ಟಿಕೊಂಡು ಬರೆದೆ. ಒಂದು ಬೆಳಿಗ್ಗೆ ಲೋಟ ಹಿಡಿಯಲು ಆಗಲಿಲ್ಲ, ಕಾಫಿ ಸೀರೆಯ ಮೇಲೆ. ಡಾಕ್ಟರು ಎರಡು ತಿಂಗಳು ಪೆನ್ನು ಮುಟ್ಟಬೇಡಿ ಅಂದರು. ಪೆಟ್ಟಿಗೆ ಖಾಲಿ. ಎಡಗೈಯಲ್ಲಿ ‘ಕ್ಯಾಂಟೀನ್ ಮುಚ್ಚಿದೆ’ ಎಂಬ ಒಂದು ಬೋರ್ಡು ಬರೆದು ಹಾಕಿದೆ, ಸೊಟ್ಟಂಪಟ್ಟ. ಜನ ಏನೂ ಅನ್ನಲಿಲ್ಲ. ಯಾರೋ ಪುಣ್ಯಾತ್ಮರು ‘ಇಡ್ಲಿ ಇದೆಯಾ’ ಎಂದು ಕೇಳಿದರು. ಎರಡು ತಿಂಗಳ ನಂತರ ಬಹುತೇಕ ಅವರೇ ವಾಪಸು ಬಂದರು. ಅಷ್ಟು ದಿನ ಯಾರಿಗೆ ಹೆದರಿ ಬರೆಯುತ್ತಿದ್ದೆ ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಮುಕ್ಕಾಲು ಗಂಟೆಗೊಮ್ಮೆ ಎದ್ದು ನೀರು ಕುಡಿ. ಇಷ್ಟು ಹೇಳಿ ಈ ಉಪದೇಶ ನಿಲ್ಲಿಸುತ್ತೇನೆ.

ಕೆಲಸ ಬಿಡಬೇಡ. ಕನ್ನಡದ ವೆಬ್‌ಕಾಮಿಕ್ ಒಂದರಿಂದಲೇ ಬಾಡಿಗೆ ಕಟ್ಟುವವರು ನನ್ನ ಪರಿಚಯದಲ್ಲಿ ಯಾರೂ ಇಲ್ಲ. ನನ್ನ ಮನೆ ನಡೆದದ್ದು ಮದುವೆ ಕಾರ್ಡಿನ ವಧೂವರರ ಕ್ಯಾರಿಕೇಚರ್, ಆರೋಗ್ಯ ಇಲಾಖೆಯ ಗೋಡೆಪಟ, ಮಕ್ಕಳ ಪುಸ್ತಕದ ಆನೆ, ಇಂಥವುಗಳಿಂದ. ಅರ್ಧ ದುಡ್ಡು ಮುಂಗಡ ಬಾರದೆ ಪೆನ್ಸಿಲ್ ಎತ್ತುವುದಿಲ್ಲ, ನೆಂಟರಾದರೂ ಅಷ್ಟೇ. ನೆಂಟರಾದರೆ ಇನ್ನೂ ಗಟ್ಟಿ. ಹಿಂದೆ ಒಬ್ಬ ಪ್ರಕಾಶಕರಿಗೆ ನಂಬಿಕೆಯ ಮೇಲೆ ಮೂವತ್ತು ಚಿತ್ರ ಕೊಟ್ಟಿದ್ದೆ. ಪುಸ್ತಕ ಬಂತು, ಹೆಸರು ಬರಲಿಲ್ಲ, ದುಡ್ಡು ಬರಲಿಲ್ಲ. ಕೇಳಿದ್ದಕ್ಕೆ ಒಂದು ಪ್ರತಿ ಕಳಿಸಿದರು, ಅಂಚೆವೆಚ್ಚ ನನ್ನದೇ.

ಆಮೇಲೆ ಕಾಯ್ದೆ ಓದಿದೆ. ನೀನೂ ಓದು, 1957ರ ಕೃತಿಸ್ವಾಮ್ಯ ಕಾಯ್ದೆ. ನಿನ್ನಷ್ಟಕ್ಕೆ ನೀನು ಬರೆದದ್ದರ ಹಕ್ಕು ನಿನ್ನದು, ಯಾವ ನೋಂದಣಿಯೂ ಬೇಕಾಗಿಲ್ಲ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ಕಾಲ ಎಂದು ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಎಲ್ಲೆಲ್ಲಿ ಎಂದು ಬರೆಯದಿದ್ದರೆ ಭಾರತ ಮಾತ್ರ. ಆದರೆ ಯಾರಾದರೂ ದುಡ್ಡು ಕೊಟ್ಟು ತಮ್ಮ ಭಾವಚಿತ್ರ ಬರೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಅದರ ಹಕ್ಕು ಅವರಿಗೆ ಹೋಗುತ್ತದೆ. ನೌಕರಿಯ ಭಾಗವಾಗಿ ಮಾಡಿದ್ದು ಕಂಪನಿಗೆ. ನಿನ್ನ ನೇಮಕಾತಿ ಪತ್ರದಲ್ಲಿ ಬಿಡುವಿನ ವೇಳೆಯ ಕೆಲಸದ ಬಗ್ಗೆ ಏನು ಬರೆದಿದೆ ಎಂದು ಇವತ್ತೇ ನೋಡು. ನಿನ್ನ ಸ್ಟ್ರಿಪ್ಪುಗಳು ಬೇಕೆಂದು ನಿನಗೆ ಇಮೇಲ್ ಕಳಿಸಿದವರು ‘ಶಾಶ್ವತವಾಗಿ, ವಿಶ್ವಾದ್ಯಂತ, ಎಲ್ಲ ಮಾಧ್ಯಮಗಳಲ್ಲಿ’ ಎಂದಿದ್ದಾರಲ್ಲ, ಅದಕ್ಕೆ ಸಹಿ ಹಾಕಬೇಡ. ಯಾವ ಸ್ಟ್ರಿಪ್, ಎಷ್ಟು ವರ್ಷ, ಎಷ್ಟು ದುಡ್ಡು ಎಂದು ಕೇಳಿ ಬರಿ. ಉತ್ತರ ಬಾರದಿದ್ದರೆ ಅದೂ ಒಂದು ಉತ್ತರ. ಸಹಿಯನ್ನು ಕೆಳಗಿನ ಅಂಚಿನಲ್ಲಿ ಹಾಕುತ್ತೀಯ, ಕತ್ತರಿಸಿ ಹಂಚುವವರಿಗೆ ಅದು ಅನುಕೂಲ. ಚಿತ್ರದೊಳಗೆ ಹಾಕು, ಬಕೆಟ್ಟಿನ ಮೇಲೆ, ಗೋಡೆಯ ಕ್ಯಾಲೆಂಡರಿನಲ್ಲಿ.

ರಜೆ ಸಿಕ್ಕಾಗ ಈ ಕಡೆ ಬಾ. ತರೀಕೆರೆ ಹತ್ತಿರ ಅಮೃತಾಪುರಕ್ಕೆ ಕರೆದುಕೊಂಡು ಹೋಗುತ್ತೇನೆ. 1196ರ ಹೊಯ್ಸಳ ಗುಡಿ. ಮಂಟಪದ ಹೊರಗೋಡೆಯ ಮೇಲೆ 140 ಚೌಕಗಳಿವೆ, ದಕ್ಷಿಣಕ್ಕೆ ರಾಮಾಯಣ, ಉತ್ತರಕ್ಕೆ ಕೃಷ್ಣನ ಕಥೆ ಮತ್ತು ಮಹಾಭಾರತ. ತಮಾಷೆಯೆಂದರೆ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ, ಕಥೆಯ ಬೆನ್ನುಹತ್ತಿದರೆ ಉಲ್ಟಾ ನಡೆಯಬೇಕು. ಒಂದು ಚೌಕದಿಂದ ಇನ್ನೊಂದಕ್ಕೆ ಹೆಜ್ಜೆ ಇಡುವ ಹೊತ್ತಿನಲ್ಲಿ ಮನಸ್ಸು ನಡುವಿನ ಕಥೆಯನ್ನು ತಾನೇ ತುಂಬಿಕೊಳ್ಳುತ್ತದೆ. ಫೋನಿನಲ್ಲಿ ಉದ್ದಕ್ಕೆ ಇಳಿಯುವ ಸ್ಟ್ರಿಪ್ಪುಗಳಲ್ಲಿ ಎರಡು ಚೌಕಗಳ ನಡುವೆ ಬಿಡುವ ಖಾಲಿಯೂ ಇದೇ ಕೆಲಸ ಮಾಡುತ್ತದೆ. ಅಲ್ಲಿ ಕಾಲಿನ ಬದಲು ಹೆಬ್ಬೆರಳು ನಡೆಯುತ್ತದೆ. ನೀನು ಎಲ್ಲ ಚೌಕಗಳ ನಡುವೆಯೂ ಒಂದೇ ಅಳತೆ ಬಿಡುತ್ತೀಯ. ಬೆಳಗಾಯಿತು ಅನ್ನುವ ಕಡೆ ಎರಡರಷ್ಟು ಬಿಟ್ಟು ನೋಡು.

ಅಲ್ಲಿ ಕಲ್ಲಿನಲ್ಲಿ ಬಲೂನು ಇಲ್ಲ, ಎಲ್ಲರೂ ಮೌನ. ಅದನ್ನು ನೆನೆದಾಗ ನಿನ್ನ ಅಡುಗೆಯವಳು ನೆನಪಾದಳು. ನಲವತ್ತು ಸ್ಟ್ರಿಪ್ಪುಗಳಲ್ಲಿ ಎಣಿಸಿದೆ, ಹನ್ನೊಂದರಲ್ಲಿ ಅವಳಿದ್ದಾಳೆ. ಹಿಂದೆ, ಗ್ಯಾಸ್ ಒಲೆಯ ಪಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಒಂದು ಕಡೆ ಎಲ್ಲರೂ ಉಪ್ಪಿಟ್ಟು ಬೈಯುವಾಗ ಅವಳು ಸೌಟು ಹಿಡಿದು ಕಿಟಕಿಯ ಹೊರಗೆ ನೋಡುತ್ತಿದ್ದಾಳೆ. ನಲವತ್ತರಲ್ಲಿ ನಿನ್ನ ಅತ್ಯುತ್ತಮ ಚೌಕ ಅದು. ಅವಳು ಒಂದೇ ಒಂದು ಮಾತಾಡಿಲ್ಲ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ 1951ರಿಂದ ದಶಕಗಟ್ಟಲೆ ಬರೆದ ಶ್ರೀಸಾಮಾನ್ಯನೂ ಬಾಯಿ ಬಿಡಲಿಲ್ಲ, ಸುಮ್ಮನೆ ನಿಂತು ನೋಡಿದ. ಆದರೆ ಅವನು ಸುಮ್ಮನಿರಬೇಕೆಂದು ಅವರು ತೀರ್ಮಾನಿಸಿದ್ದರು. ನಿನ್ನ ಅಡುಗೆಯವಳನ್ನು ನೀನೇ ಸುಮ್ಮನಿರಿಸಿದ್ದೀಯೋ, ಅಥವಾ ಅವಳು ಹೇಗೆ ಮಾತಾಡುತ್ತಾಳೆ ಎಂದು ನಿನಗಿನ್ನೂ ಕೇಳಿಸಿಲ್ಲವೋ?

ನಾಳೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಬೇಗ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತುಕೋ. ಫೋನು ಬೇಡ. ಅವಳು ಯಾವ ಊರಿನವಳು, ಉಪ್ಪಿಟ್ಟಿಗೆ ಏನನ್ನುತ್ತಾಳೆ, ನಿನ್ನನ್ನು ನೀನು ಅನ್ನುತ್ತಾಳೋ ನೀವು ಅನ್ನುತ್ತಾಳೋ, ಬರೆದು ಕಳಿಸು.

ನಿನ್ನ ಅಕ್ಕ